ವಿದ್ಯಾರ್ಥಿ ರೋಬಾಟಿಕ್ಸ್ ತಂಡಗಳು (ಹಳೆಯ ಬೆಂಗಳೂರು)

ಶಾಲೆ, ಪಾಲಿಟೆಕ್ನಿಕ್ ಅಥವಾ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ತಂಡ ಕಟ್ಟಿಕೊಂಡು, ಸ್ಪರ್ಧೆಯೊಂದರ ನಿಯಮಾವಳಿಗೆ ತಕ್ಕ ರೋಬಾಟನ್ನು ತಾವೇ ರೂಪಿಸಿ, ಜೋಡಿಸಿ, ಓಡಿಸುವ ಪಠ್ಯೇತರ ಚಟುವಟಿಕೆ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರ ಮತ್ತು ಇವುಗಳ ನಡುವಿನ ಪೇಟೆ ಪ್ರದೇಶದಲ್ಲಿ ಇದು ಈ ಶತಮಾನದ ಮೊದಲ ದಶಕದಿಂದ ಬೇರೂರಿದೆ ಎನ್ನಬಹುದು. ಗೆದ್ದ ಬಹುಮಾನಗಳ ಪಟ್ಟಿಯಿಂದ ಇಂಥ ತಂಡಗಳ ಯೋಗ್ಯತೆ ತಿಳಿಯುವುದಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಸದಸ್ಯರೆಲ್ಲ ಬದಲಾಗಿಬಿಡುವ ಗುಂಪು ತಾನು ಕಲಿತ ಕಸುಬನ್ನು ಮುಂದಿನವರಿಗೆ ಹೇಗೆ ದಾಟಿಸುತ್ತದೆ ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ.

ಹಿನ್ನೆಲೆ

ಮೂರೂ ಬಡಾವಣೆಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಪೇಟೆಯಾಚೆ ರೂಪುಗೊಂಡವು. 1898ರ ಪ್ಲೇಗಿನ ನಂತರ ಜನವಸತಿ ಹೆಚ್ಚಿತು. ಮೇಷ್ಟರು, ಗುಮಾಸ್ತರು, ವಕೀಲರು ನೆಲೆಸಿದ್ದ ಈ ಬೀದಿಗಳಿಗೆ ವಿದ್ಯಾಸಂಸ್ಥೆಗಳು ಬೇಗ ಬಂದವು. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು 1917ರದು. ಬಿ.ಎಂ. ಶ್ರೀನಿವಾಸಯ್ಯನವರು 1946ರಲ್ಲಿ ಸ್ಥಾಪಿಸಿದ, ಬುಲ್ ಟೆಂಪಲ್ ರಸ್ತೆಯ ಬಿ.ಎಂ.ಎಸ್. ಎಂಜಿನಿಯರಿಂಗ್ ಕಾಲೇಜು ದೇಶದಲ್ಲಿ ಖಾಸಗಿಯವರು ಆರಂಭಿಸಿದ ಮೊದಮೊದಲ ಎಂಜಿನಿಯರಿಂಗ್ ಕಾಲೇಜುಗಳ ಸಾಲಿನದು. ವಿ.ವಿ. ಪುರದ ಬಿಐಟಿ ಶುರುವಾದದ್ದು 1979ರಲ್ಲಿ. ಮಲ್ಲೇಶ್ವರದ ಪಕ್ಕದಲ್ಲೇ 1909ರಿಂದ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಹಳಬರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಇದೆ.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ನಗರದ ಸುತ್ತ ಎಚ್‌ಎಎಲ್ (1940), ಐಟಿಐ (1948), ಎಚ್‌ಎಂಟಿ (1953), ಬಿಇಎಲ್ (1954) ಕಾರ್ಖಾನೆಗಳು ಬಂದವು. ಬೆಳಗ್ಗೆ ಫ್ಯಾಕ್ಟರಿ ಬಸ್ಸು ಹತ್ತುವವರು ಈ ಬಡಾವಣೆಗಳಲ್ಲೂ ಮನೆಮಾಡಿದರು. ಲೇತ್, ಸಾಲ್ಡರಿಂಗ್ ಐರನ್, ಮೈಕ್ರೋಮೀಟರ್ ಎಂದರೆ ಏನೆಂದು ಅಡುಗೆಮನೆಯವರೆಗೂ ಗೊತ್ತಿದ್ದ ಇಂಥ ಮನೆಗಳು ಮುಂದಿನ ಪೀಳಿಗೆಯ ತಂಡಗಳಿಗೆ ಅಘೋಷಿತ ಕಾರ್ಯಾಗಾರಗಳಾದವು ಎಂದು ಊಹಿಸಲು ಅಡ್ಡಿಯಿಲ್ಲ.

ಇನ್ನೆರಡು ಸಂಸ್ಥೆಗಳನ್ನು ಇಲ್ಲಿ ಹೆಸರಿಸಲೇಬೇಕು. ಎಚ್. ನರಸಿಂಹಯ್ಯನವರು 1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂ, ವಾರದ ಉಪನ್ಯಾಸಗಳ ಮೂಲಕ ವಿಜ್ಞಾನಿಗಳನ್ನು ಬಸವನಗುಡಿಯ ಶ್ರೋತೃಗಳ ಮುಂದೆ ತಂದು ನಿಲ್ಲಿಸಿತು. ಎದ್ದುನಿಂತು ಪ್ರಶ್ನೆ ಕೇಳುವುದು ಅಲ್ಲಿ ಉದ್ಧಟತನವಾಗಿರಲಿಲ್ಲ. ಇನ್ನೊಂದು, 1975ರಲ್ಲಿ ಸ್ಥಾಪನೆಯಾಗಿ ವಿಜ್ಞಾನ ಸಂಸ್ಥೆಯ ಆವರಣದಿಂದಲೇ ಕೆಲಸ ಮಾಡುತ್ತಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ. ಅಮೂಲ್ಯ ಕೆ.ಎನ್. ರೆಡ್ಡಿಯವರು ಕಾರ್ಯದರ್ಶಿಯಾಗಿದ್ದ ಈ ಮಂಡಳಿ 1970ರ ದಶಕದ ಕೊನೆಯಿಂದ ರಾಜ್ಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಅಂತಿಮ ವರ್ಷದ ಪ್ರಾಜೆಕ್ಟುಗಳನ್ನು ಆಯ್ದು ಸಣ್ಣ ಮೊತ್ತದ ಸಹಾಯಧನ ಕೊಡುತ್ತ, ಕೊನೆಗೆ ಪ್ರದರ್ಶನ ಏರ್ಪಡಿಸುತ್ತ ಬಂದಿದೆ. ರೋಬಾಟ್ ಸ್ಪರ್ಧೆಗಳು ಬರುವ ಬಹು ಮೊದಲೇ, ವಿದ್ಯಾರ್ಥಿ ಮಾಡಿದ ಯಂತ್ರ ಹತ್ತು ಜನರ ಮುಂದೆ ಓಡಿ ತೋರಿಸಬೇಕು ಎಂಬ ಪದ್ಧತಿಯನ್ನು ರಾಜ್ಯದಲ್ಲಿ ಊರಿದ್ದು ಇದೇ. ಇದಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ.

ಸ್ಪರ್ಧೆಗಳ ವಂಶಾವಳಿ

ಇಂದು ಬೆಂಗಳೂರಿನ ತಂಡಗಳು ಭಾಗವಹಿಸುವ ದೊಡ್ಡ ಸ್ಪರ್ಧೆಗಳಲ್ಲಿ ಎರಡರ ಬೇರು ತರಗತಿಯ ಪಾಠದಲ್ಲಿದೆ. ಅಮೆರಿಕದ ಎಂಐಟಿಯಲ್ಲಿ 1970ರ ದಶಕದಲ್ಲಿ ವುಡಿ ಫ್ಲವರ್ಸ್ ಎಂಬ ಅಧ್ಯಾಪಕರು ‘2.70’ ಎಂಬ ಸಂಖ್ಯೆಯ ಯಂತ್ರವಿನ್ಯಾಸ ಪಾಠವನ್ನು ಸ್ಪರ್ಧೆಯಾಗಿ ಮಾರ್ಪಡಿಸಿದರು: ಎಲ್ಲರಿಗೂ ಒಂದೇ ಬಗೆಯ ಸಾಮಾನಿನ ಚೀಲ, ಒಂದೇ ಕೆಲಸ, ಕೊನೆಯ ದಿನ ಎದುರುಬದುರು ಪಂದ್ಯ. ಸಂಶೋಧಕ ಡೀನ್ ಕೇಮನ್ 1989ರಲ್ಲಿ ‘ಫಸ್ಟ್’ ಸಂಸ್ಥೆಯನ್ನು ಸ್ಥಾಪಿಸಿದಾಗ ಫ್ಲವರ್ಸ್ ಜೊತೆಗೂಡಿದರು. 1992ರಲ್ಲಿ ಅದರ ಮೊದಲ ಪಂದ್ಯ ನಡೆಯಿತು. ಲೆಗೋ ಕಂಪನಿಯ ಜೊತೆ ಸೇರಿ ಶಾಲಾಮಕ್ಕಳಿಗಾಗಿ ರೂಪಿಸಿದ ಫಸ್ಟ್ ಲೆಗೋ ಲೀಗ್ 1998ರದು. ಎದುರಾಳಿಗೆ ಬೋಲ್ಟು ಬೇಕಾದರೆ ನಿಮ್ಮ ಡಬ್ಬಿಯಿಂದಲೇ ಕೊಡಿ, ಆಮೇಲೆ ಅವರನ್ನು ಸೋಲಿಸಿ ಎಂಬುದು ಫ್ಲವರ್ಸ್ ಬಿತ್ತಿದ ನಡವಳಿಕೆ.

ಇತ್ತ ಜಪಾನಿನಲ್ಲಿ ಟೋಕಿಯೊ ತಾಂತ್ರಿಕ ಸಂಸ್ಥೆಯ ಮಸಹಿರೊ ಮೋರಿ ಅಂಥದೇ ಪ್ರಯೋಗ ನಡೆಸಿದ್ದರು. ಅದನ್ನು ಎನ್‌ಎಚ್‌ಕೆ ದೂರದರ್ಶನ 1988ರಲ್ಲಿ ರಾಷ್ಟ್ರೀಯ ಸ್ಪರ್ಧೆಯನ್ನಾಗಿಸಿತು. ಏಷ್ಯಾ-ಪೆಸಿಫಿಕ್ ಪ್ರಸಾರ ಸಂಸ್ಥೆಗಳ ಒಕ್ಕೂಟ ಎಬಿಯು 2002ರಲ್ಲಿ ಟೋಕಿಯೊದಲ್ಲಿ ಮೊದಲ ಅಂತಾರಾಷ್ಟ್ರೀಯ ರೋಬೋಕಾನ್ ನಡೆಸಿತು. ಆಯಾ ದೇಶದ ಟೀವಿ ಸಂಸ್ಥೆಯೇ ಆತಿಥೇಯವಾದ್ದರಿಂದ ಭಾರತದಲ್ಲಿ ಆಯ್ಕೆಯ ಸುತ್ತು ದೂರದರ್ಶನದ ಪಾಲಿಗೆ ಬಂತು; ಬಹುಕಾಲ ಅದು ಪುಣೆಯಲ್ಲಿ ನಡೆದು, ಇತ್ತೀಚೆಗೆ ದೆಹಲಿಗೆ ಹೋಗಿದೆ. ಸೆಮಿಸ್ಟರ್ ಮುಗಿಯುವುದರೊಳಗೆ ರೋಬಾಟನ್ನು ಕಳಚಿ ಮರದ ಪೆಟ್ಟಿಗೆಗೆ ತುಂಬಿ ರೈಲಿಗೆ ಹಾಕುವುದು ಎಷ್ಟೋ ಬ್ಯಾಚುಗಳಿಗೆ ಪಂದ್ಯಕ್ಕಿಂತ ದೊಡ್ಡ ಪರೀಕ್ಷೆ.

ಉಳಿದವುಗಳಲ್ಲಿ ಐಐಟಿ ಬಾಂಬೆಯ ‘ಇ-ಯಂತ್ರ’, 2004ರಲ್ಲಿ ಸಿಂಗಪುರದಲ್ಲಿ ಶುರುವಾದ ವಿಶ್ವ ರೋಬಾಟ್ ಒಲಿಂಪಿಯಾಡ್ ಮುಖ್ಯ. ಬಿ.ಎಂ.ಎಸ್.ನ ‘ಫೇಸ್ ಶಿಫ್ಟ್’, ಆರ್.ವಿ.ಯ ‘ಏಯ್ತ್ ಮೈಲ್’ನಂಥ ಕಾಲೇಜು ಉತ್ಸವಗಳ ಪಂದ್ಯಗಳು ಸಣ್ಣವೇ ಆದರೂ, ಮೊದಲ ವರ್ಷದವರು ಸೋಲು ಕಲಿಯುವುದು ಅಲ್ಲೇ.

ಕಲಿಕೆ: ಕಪ್ಪು ಗೆರೆಯಿಂದ ಮೊದಲುಗೊಂಡು

ತಂಡಕ್ಕೆ ಸೇರಿದ ಹೊಸಬನಿಗೆ ಸಾಮಾನ್ಯವಾಗಿ ಕೊಡುವ ಮೊದಲ ಕೆಲಸ ‘ಲೈನ್ ಫಾಲೋವರ್’: ಬಿಳಿ ಫ್ಲೆಕ್ಸಿನ ಮೇಲೆ ಅಂಟಿಸಿದ ಕಪ್ಪು ಟೇಪಿನ ಗೆರೆ ಹಿಡಿದು ಓಡುವ ಪುಟ್ಟ ಗಾಡಿ. ಕೆಳಗೆ ಅವಗೆಂಪು ಕಿರಣ ಬೀರುವ ಎಲ್‌ಇಡಿ, ಪಕ್ಕದಲ್ಲಿ ಫೋಟೋಡಯೋಡು. ಬಿಳಿ ನೆಲ ಕಿರಣವನ್ನು ಹಿಂದಕ್ಕೆ ಕಳಿಸುತ್ತದೆ, ಕಪ್ಪು ಗೆರೆ ನುಂಗುತ್ತದೆ. ಎಲ್‌ಎಂ324 ಎಂಬ ಐಸಿ ಆ ವ್ಯತ್ಯಾಸವನ್ನು ಹೌದು-ಅಲ್ಲಗಳಾಗಿ ಬದಲಿಸುತ್ತದೆ. ಎಲ್ಲಿಗೆ ಹೌದು, ಎಲ್ಲಿಗೆ ಅಲ್ಲ ಎಂಬ ಮಿತಿಯನ್ನು ಪ್ರಿಸೆಟ್ ತಿರುಪಿ ಹೊಂದಿಸಬೇಕು.

ಲ್ಯಾಬಿನ ಟ್ಯೂಬ್‌ಲೈಟಿನಡಿ ಚೆನ್ನಾಗಿಯೇ ಓಡಿದ ಈ ಗಾಡಿ ಪಂದ್ಯದ ದಿನ ಗೆರೆ ಬಿಟ್ಟು ಪ್ರೇಕ್ಷಕರ ಕಾಲಿಗೆ ಬರುತ್ತದೆ. ಕಾರಣ ಸರಳ. ಕಿಟಕಿಯ ಬಿಸಿಲಿನಲ್ಲೂ ವೇದಿಕೆಯ ಹ್ಯಾಲೋಜನ್ ದೀಪದಲ್ಲೂ ಅವಗೆಂಪು ಧಾರಾಳ; ಸೆನ್ಸರಿಗೆ ಆಗ ಊರೆಲ್ಲ ಬಿಳಿ. ಹೊಸಬರು ಸೆನ್ಸರ್ ಸುತ್ತ ಕಪ್ಪು ಚಾರ್ಟ್ ಪೇಪರಿನ ಲಂಗ ಕಟ್ಟುತ್ತಾರೆ. ಸ್ವಲ್ಪ ಪಳಗಿದವರು ಎಲ್‌ಇಡಿ ಆರಿಸಿ ಒಮ್ಮೆ, ಹೊತ್ತಿಸಿ ಒಮ್ಮೆ ಅಳತೆ ತೆಗೆದು, ಎರಡರ ವ್ಯತ್ಯಾಸವನ್ನಷ್ಟೇ ನಂಬುವಂತೆ ಪ್ರೋಗ್ರಾಂ ಬರೆಯುತ್ತಾರೆ. ಪುಸ್ತಕದಲ್ಲಿ ಓದಿದ ‘ನಾಯ್ಸ್’ ಎಂಬುದು ಏನೆಂದು ಅರ್ಥವಾಗುವುದು ಈ ಹಂತದಲ್ಲಿ.

ಮುಂದಿನದು ಓಲಾಟ. ಗೆರೆ ತಪ್ಪಿದ ಕೂಡಲೇ ಪೂರ್ತಿ ತಿರುಗುವ ಗಾಡಿ ಎಡಬಲ ತೊನೆಯುತ್ತಲೇ ಇರುತ್ತದೆ. ಎಷ್ಟು ತಪ್ಪಿದೆಯೋ ಅಷ್ಟೇ ತಿರುಗು (ಪಿ), ತಪ್ಪು ಬೆಳೆಯುವ ವೇಗ ನೋಡಿ ಮೊದಲೇ ಬ್ರೇಕು ಹಾಕು (ಡಿ), ಬಹುಹೊತ್ತಿನಿಂದ ಒಂದೇ ಕಡೆ ವಾಲುತ್ತಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿ (ಐ) ಎಂಬ ಪಿಐಡಿ ನಿಯಂತ್ರಣ ಇದಕ್ಕೆ ಮದ್ದು. ಕಂಟ್ರೋಲ್ ಸಿಸ್ಟಮ್ಸ್ ಪಾಠದಲ್ಲಿ ಇದೇ ವಿಷಯ ಬೋರ್ಡಿನ ತುಂಬ ಲಾಪ್ಲಾಸ್ ರೂಪಾಂತರವಾಗಿ ಬರುವ ಹೊತ್ತಿಗೆ, ತಂಡದ ಹುಡುಗರಿಗೆ ಅದರ ಗುಣ ಕೈಬೆರಳಲ್ಲಿ ಗೊತ್ತಿರುತ್ತದೆ. ಪರೀಕ್ಷೆಯಲ್ಲಿ ಅಂಕ ಹೆಚ್ಚು ಬರುತ್ತದೆ ಎಂದೇನೂ ಇಲ್ಲ.

ಹೊಸಬರ ಮೇಜಿನಿಂದ ಹೊಗೆ ಏಳುವುದು ಹೆಚ್ಚಾಗಿ ಮೋಟಾರ್ ಡ್ರೈವರಿನಲ್ಲಿ. ಎಲ್293ಡಿ ಐಸಿ ಪ್ರತಿ ಚಾನೆಲ್ಲಿಗೆ 600 ಮಿಲಿಆಂಪಿಯರ್ ತಡೆದೀತು. ಚಕ್ರ ಸಿಕ್ಕಿಕೊಂಡ ಮೋಟಾರು ಅದಕ್ಕಿಂತ ಎಷ್ಟೋ ಹೆಚ್ಚು ಎಳೆಯುತ್ತದೆ. ಇನ್ನೊಂದು ಕಾಟ: ಮೋಟಾರು ಹೊರಟ ಕ್ಷಣ ಬ್ಯಾಟರಿಯ ವೋಲ್ಟೇಜು ಕುಸಿದು ಮೈಕ್ರೋಕಂಟ್ರೋಲರ್ ರೀಸೆಟ್ ಆಗುವುದು. ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತ ರಾತ್ರಿ ಕಳೆದವರಿಗೆ, ಬಂದು ನೋಡಿದ ಸೀನಿಯರ್ ಒಬ್ಬ ‘ಗ್ರೌಂಡ್ ನೋಡಿದ್ರೇನೋ ಮೊದ್ಲು?’ ಎಂದು ಕೇಳಿ ಹೋಗುವುದುಂಟು.

ಲಗೋರಿ, 2022

ರೋಬೋಕಾನ್ ಆತಿಥೇಯ ದೇಶ ತನ್ನ ಸಂಸ್ಕೃತಿಯಿಂದ ಪಂದ್ಯದ ವಸ್ತುವನ್ನು ಆರಿಸುವುದು ರೂಢಿ. 2008ರಲ್ಲಿ ಪುಣೆಯಲ್ಲಿ ಅದು ಮೊಸರುಗಡಿಗೆಯಾಗಿತ್ತು. 2022ರ ಆಗಸ್ಟಿನಲ್ಲಿ ದೆಹಲಿಯಲ್ಲಿ ನಡೆದ ಪಂದ್ಯದ ಹೆಸರೇ ‘ಲಗೋರಿ’. ಗವಿಪುರದ ಗಲ್ಲಿಯಲ್ಲೋ ಮಲ್ಲೇಶ್ವರದ ಕ್ರಾಸಿನಲ್ಲೋ ಆಡಿ ಬೆಳೆದವರಿಗೆ ನಿಯಮ ವಿವರಿಸುವ ಅಗತ್ಯವೇ ಇರಲಿಲ್ಲ. ತಂಡಕ್ಕೆ ಎರಡು ರೋಬಾಟು. ಒಂದು ಚೆಂಡೆಸೆದು ಐದು ಬಿಲ್ಲೆಗಳ ಗೋಪುರ ಕೆಡವಬೇಕು, ಇನ್ನೊಂದು ಅದನ್ನು ಮತ್ತೆ ಪೇರಿಸಬೇಕು. ಪೇರಿಸುವ ರೋಬಾಟಿನ ತಲೆಯ ಮೇಲೊಂದು ಚೆಂಡು. ಎದುರಾಳಿ ಎಸೆದು ಅದನ್ನು ಉರುಳಿಸಿದರೆ ಪೇರಿಸುವವನ ಆಟ ಮುಗಿಯಿತು.

ಹುಡುಗರಿಗೆ ಸಲೀಸಾದ ಆಟ ಯಂತ್ರಕ್ಕೆ ಎಷ್ಟು ಕಷ್ಟ ಎಂಬುದು ಇಲ್ಲಿ ಬಯಲಾಯಿತು. ಹೊಸ ಚೆಂಡಿಗೂ ಸವೆದ ಚೆಂಡಿಗೂ ಹಿಡಿತ ಬೇರೆ. ಚಿಮ್ಮಿಸುವ ಎರಡು ಚಕ್ರಗಳ ವೇಗದಲ್ಲಿ ಕೊಂಚ ಹೆಚ್ಚುಕಮ್ಮಿಯಾದರೂ ಗುರಿ ತಪ್ಪುತ್ತದೆ. ಚೆದುರಿದ ಬಿಲ್ಲೆಗಳು ಒಂದರ ಮೇಲೊಂದು ವಾಲಿ ಬಿದ್ದಿರುತ್ತವೆ. ಯಾವ ದಿಕ್ಕಿಗೆ ಬೇಕಾದರೂ ಜಾರುವ ಓಮ್ನಿ ಅಥವಾ ಮೆಕಾನಮ್ ಚಕ್ರಗಳು ಇಲ್ಲಿ ಅನಿವಾರ್ಯವೆನ್ನುವಷ್ಟು ಬಳಕೆಯಾದವು. ರೋಬೋಕಾನ್ ನಿಯಮದ ಪ್ರಕಾರ ವಿದ್ಯುತ್ತು 24 ವೋಲ್ಟ್, ಗಾಳಿಯ ಒತ್ತಡ 6 ಬಾರ್ ಮೀರುವಂತಿಲ್ಲ. ಗಾಳಿ ತುಂಬಿಡಲು ಹಲವು ತಂಡಗಳು ಬಳಸುವುದು ತಂಪುಪಾನೀಯದ ಪ್ಲಾಸ್ಟಿಕ್ ಬಾಟಲಿಗಳನ್ನು.

ಎಸ್.ಪಿ. ರಸ್ತೆ

ಟೌನ್‌ಹಾಲಿನ ಬಳಿಯ ಸಾದರ ಪತ್ರಪ್ಪ ರಸ್ತೆ ಇಲ್ಲದಿದ್ದರೆ ಈ ಲೇಖನಕ್ಕೆ ವಿಷಯ ಅರ್ಧವೂ ಇರುತ್ತಿರಲಿಲ್ಲ. ರೆಸಿಸ್ಟರ್, ರಿಲೇ, ಗೇರ್ ಮೋಟಾರ್, ಆರ್ಡುಯಿನೊ ಎಲ್ಲ ಒಂದೇ ಓಣಿಯಲ್ಲಿ. ನಟ್ಟು-ಬೋಲ್ಟು, ಡ್ರಿಲ್ ಬಿಟ್ಟಿಗೆ ಪಕ್ಕದ ಎಸ್‌ಜೆಪಿ ರಸ್ತೆ. ಬೇರಿಂಗು, ಚೈನಿಗೆ ಜೆ.ಸಿ. ರಸ್ತೆ ಮತ್ತು ಕಲಾಸಿಪಾಳ್ಯ. ಬಿಡಿಯಾಗಿ ಒಂದೇ ಒಂದು ಐಸಿ ಕೊಳ್ಳಲು ಸಿಗುವುದು, ಸುಟ್ಟುಹೋದರೆ ಅದೇ ಸಂಜೆ ಮತ್ತೊಂದು ತರಲು ಆಗುವುದು, ಹೊಸದಾಗಿ ಕಲಿಯುವವರಿಗೆ ದೊಡ್ಡ ಆಸರೆ. ಆನ್‌ಲೈನ್ ಅಂಗಡಿಗಳು ಬಂದ ಮೇಲೂ ಪಂದ್ಯದ ಹಿಂದಿನ ವಾರ ಈ ರಸ್ತೆಗೆ ಬದಲಿಯಿಲ್ಲ. 2017ರಲ್ಲಿ ಹಸಿರು ಮಾರ್ಗದ ಮೆಟ್ರೊ ನ್ಯಾಷನಲ್ ಕಾಲೇಜು, ಕೆ.ಆರ್. ಮಾರ್ಕೆಟ್, ಚಿಕ್ಕಪೇಟೆ, ಸಂಪಿಗೆ ರಸ್ತೆಗಳನ್ನು ಒಂದೇ ಹಳಿಯ ಮೇಲೆ ಪೋಣಿಸಿತು.

ಹಿರಿಯರು, ಕಿರಿಯರು

ತಂಡಗಳಲ್ಲಿ ಅಧ್ಯಾಪಕರ ಪಾತ್ರ ಹೆಚ್ಚಾಗಿ ಸಹಿ, ಜಾಗ, ಹಣ ಒದಗಿಸುವುದಕ್ಕೆ ಸೀಮಿತ. ಪಾಠ ನಡೆಯುವುದು ಸೀನಿಯರಿನಿಂದ ಜೂನಿಯರಿಗೆ. ಮೊದಲ ವರ್ಷ ಸಾಲ್ಡರಿಂಗು ಮತ್ತು ಸಾಮಾನು ತರುವ ಓಡಾಟ, ಎರಡನೆಯ ವರ್ಷ ಒಂದು ಭಾಗದ ಹೊಣೆ, ಮೂರನೆಯ ವರ್ಷ ನಾಯಕತ್ವ. ನಾಲ್ಕನೆಯ ವರ್ಷಕ್ಕೆ ಪ್ಲೇಸ್‌ಮೆಂಟು ಎಳೆದುಕೊಳ್ಳುತ್ತದೆ. ಇಂಟರ್ನಲ್ಸ್, ಹಾಜರಾತಿ ಕೊರತೆ, ಬ್ಯಾಕ್‌ಲಾಗ್ ಈ ಮೂರೂ ಸೇರಿ ಪ್ರತಿ ಬ್ಯಾಚಿನಲ್ಲಿ ಕೆಲವರನ್ನು ಮನೆಗೆ ಕಳಿಸುತ್ತವೆ.

ಈ ಸರಪಳಿಯಲ್ಲಿ ಗಮನಕ್ಕೆ ಬಾರದ ಕೊಂಡಿಯೊಂದಿದೆ. ಡಿಪ್ಲೊಮಾ ಮುಗಿಸಿ ನೇರ ಎರಡನೆಯ ವರ್ಷಕ್ಕೆ ಸೇರುವ ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಫೈಲಿಂಗು, ಲೇತು, ವೆಲ್ಡಿಂಗುಗಳಲ್ಲಿ ಪಳಗಿ ಬಂದಿರುತ್ತಾರೆ. ಹಲವರದು ಕನ್ನಡ ಮಾಧ್ಯಮದ ಓದು. ತರಗತಿಯಲ್ಲಿ ಇಂಗ್ಲಿಷಿಗೆ ಹಿಂಜರಿಯುವ ಇದೇ ಹುಡುಗ ವರ್ಕ್‌ಶಾಪಿನಲ್ಲಿ ಪಿಯುಸಿಯಿಂದ ಬಂದ ರ‍್ಯಾಂಕಿನವನಿಗೆ ‘ಹ್ಯಾಕ್ಸಾ ಹಂಗಲ್ಲ, ಹಿಂಗ್ ಹಿಡ್ಕೋ ಮಗಾ’ ಎಂದು ತೋರಿಸುವುದು ತಂಡ ಮಾಡುವ ದೊಡ್ಡ ಕೆಲಸ ಎಂದು ಈ ಲೇಖಕರ ತೀರ್ಮಾನ. ಹೆಣ್ಣುಮಕ್ಕಳ ಸಂಖ್ಯೆ ಏರುತ್ತಿದೆಯಾದರೂ ಅವರ ಪಾಲಿಗೆ ಕೋಡಿಂಗು, ದಾಖಲೆ, ಪ್ರಾಯೋಜಕರ ಪತ್ರವ್ಯವಹಾರ ಬರುವುದೇ ಹೆಚ್ಚು. ಹಾಸ್ಟೆಲ್ಲಿನ ಬಾಗಿಲು ವರ್ಕ್‌ಶಾಪಿಗಿಂತ ಬೇಗ ಮುಚ್ಚುವುದು ಇದಕ್ಕೆ ಒಂದು ಕಾರಣ.

ಪದವಿ ಪಡೆದು ಹೋಗುವವರ ಜೊತೆ ವಿದ್ಯೆಯೂ ಹೋಗುವುದು ಎಲ್ಲ ತಂಡಗಳ ರೋಗ. ಇದಕ್ಕೆ ಒಂದು ಅಪವಾದ 2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15ರಲ್ಲಿ ಹಾರಿದ ಸ್ಟಡ್‌ಸ್ಯಾಟ್. ಕರ್ನಾಟಕ ಮತ್ತು ಆಂಧ್ರದ ಏಳು ಕಾಲೇಜುಗಳ ವಿದ್ಯಾರ್ಥಿಗಳು ಕಟ್ಟಿದ, ಒಂದು ಕಿಲೋಗಿಂತ ಕಡಿಮೆ ತೂಕದ ಉಪಗ್ರಹ ಅದು. ರೋಬಾಟಲ್ಲವಾದರೂ ಇಲ್ಲಿ ಪ್ರಸ್ತುತ: ಇಸ್ರೋದ ವಿಮರ್ಶೆಗೆ ಕೂರಬೇಕಾದ್ದರಿಂದ ಪ್ರತಿ ನಿರ್ಧಾರವನ್ನೂ ಬರೆದಿಡದೆ ಗತಿಯಿರಲಿಲ್ಲ.

ಶಾಲಾ ಮಟ್ಟ

ನೀತಿ ಆಯೋಗ 2016ರಲ್ಲಿ ಆರಂಭಿಸಿದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ಆಯ್ದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು ಕೊಡುತ್ತದೆ. ಆರರಿಂದ ಹನ್ನೆರಡನೆಯ ತರಗತಿಯವರಿಗೆ ಅದು ಮೀಸಲು. ಉಪಕರಣ ಬಂದಷ್ಟು ಸುಲಭವಾಗಿ ಕಲಿಸುವವರು ಬಂದಿಲ್ಲ. ಖಾಸಗಿ ತರಬೇತಿ ಕೇಂದ್ರಗಳಲ್ಲಿ ಕಿಟ್ಟಿನ ಬೆಲೆಯೇ ಬಡ ಮಕ್ಕಳನ್ನು ಹೊರಗಿಡುತ್ತದೆ. ಅಂಥ ಕಿಟ್ಟುಗಳಲ್ಲಿ ಒಂದಾದ ಮೈಂಡ್‌ಸ್ಟಾರ್ಮ್ಸ್ ಸರಣಿಯನ್ನು ಲೆಗೋ ಕಂಪನಿ 2022ರ ಕೊನೆಗೆ ನಿಲ್ಲಿಸಿತು. ತೀರ್ಪುಗಾರರು ಮಕ್ಕಳನ್ನು ಕೂರಿಸಿಕೊಂಡು ‘ಈ ಗೇರು ಇಲ್ಲೇಕೆ?’ ಎಂದು ಕೇಳುವ ಪದ್ಧತಿ ಲೆಗೋ ಲೀಗಿನಲ್ಲಿದೆ. ಅಪ್ಪಂದಿರು ಕಟ್ಟಿದ ರೋಬಾಟು ಅಲ್ಲಿ ಸಿಕ್ಕಿಬೀಳುತ್ತದೆ.

ದಾಖಲೆ

ಸರ್ಕ್ಯೂಟಿನ ಕರಡು, ಸುಟ್ಟ ಬೋರ್ಡುಗಳ ಲೆಕ್ಕ, ಎಸ್.ಪಿ. ರಸ್ತೆಯ ಬಿಲ್ಲುಗಳಿರುವ ತಂಡಗಳ ನೋಟ್‌ಬುಕ್ಕುಗಳು ಸಾಮಾನ್ಯವಾಗಿ ಲ್ಯಾಬ್ ಖಾಲಿ ಮಾಡುವಾಗ ರದ್ದಿಗೆ ಹೋಗುತ್ತವೆ. ಅಂತಿಮ ವರ್ಷದ ಪ್ರಾಜೆಕ್ಟ್ ವರದಿಗಳಿಗೆ ಬೈಂಡು ಹಾಕಿಸಿ ಇಡುವ ಕಾಲೇಜು ಗ್ರಂಥಾಲಯಗಳು ಈ ನೋಟ್‌ಬುಕ್ಕುಗಳಿಗೂ ಒಂದು ಕಪಾಟು ಬಿಡಬೇಕು.