ಮೂಲೆ ಅಕ್ಷರ ಹೊಸದೇನಲ್ಲ: ಹಲಸಿಯಿಂದ ಫ್ಲೆಕ್ಸ್ ಬೋರ್ಡಿನವರೆಗೆ

ಕನ್ನಡ ಅಕ್ಷರ ಅಂದರೆ ಗುಂಡಗೆ, ಜಿಲೇಬಿ ಇದ್ದ ಹಾಗೆ ಅಂತ ಹೊರಗಿನವರು ಹೇಳುತ್ತಾರೆ. ಈಗ ಜಿಮ್, ಮೊಬೈಲ್ ಅಂಗಡಿ, ಸಿನಿಮಾ ಪೋಸ್ಟರ್ ಎಲ್ಲದರ ಮೇಲೂ ಸ್ಕೇಲ್ ಇಟ್ಟು ಎಳೆದಂಥ ಚೌಕ ಅಕ್ಷರ ಬಂದಿವೆ. "ಇದ್ಯಾವ ಕನ್ನಡ?" ಅಂತ ಹಿರಿಯರು ಮೂಗು ಮುರಿಯುತ್ತಾರೆ. ಆದರೆ ಅಕ್ಷರಕ್ಕೆ ಮೂಲೆ ಬಂದದ್ದು ಇದೇ ಮೊದಲಲ್ಲ.

ಖಾನಾಪುರ ತಾಲೂಕಿನ ಹಲಸಿ ಒಂದು ಕಾಲಕ್ಕೆ ಪಲಾಶಿಕಾ. ಕದಂಬರ ಎರಡನೇ ರಾಜಧಾನಿ. ಅಲ್ಲಿ ಸಿಕ್ಕ 5-6ನೇ ಶತಮಾನದ ತಾಮ್ರಪಟಗಳನ್ನು ಜೆ. ಎಫ್. ಫ್ಲೀಟ್ ಓದಿ ಪ್ರಕಟಿಸಿದರು. ಮೃಗೇಶವರ್ಮ ಇಲ್ಲಿ ಜಿನಾಲಯ ಕಟ್ಟಿಸಿ ಭೂಮಿ ಕೊಟ್ಟ ವಿಷಯ ಅವುಗಳಲ್ಲಿದೆ. ಭಾಷೆ ಸಂಸ್ಕೃತ. ಲಿಪಿ ಮಾತ್ರ ನಮ್ಮ ಇಂದಿನ ಅಕ್ಷರಗಳ ಹಿರಿಯಜ್ಜ.

ಕದಂಬರ ಕಾಲದ ಬರಹಕ್ಕೆ 'ಪೆಟ್ಟಿಗೆ ತಲೆ'ಯ ಶೈಲಿ ಇತ್ತು. ಅಕ್ಷರದ ತಲೆ ಮೇಲೆ ಪುಟ್ಟ ಚೌಕ. ಶಿವಮೊಗ್ಗ ಜಿಲ್ಲೆಯ ತಾಳಗುಂದದ ಕಂಬದ ಮೇಲೆ ಅದು ಚೆನ್ನಾಗಿ ಕಾಣುತ್ತದೆ. ಓದಲಿಕ್ಕಷ್ಟೇ ಅಲ್ಲ, ನೋಡಲಿಕ್ಕೂ ಕೆತ್ತಿದ ಅಕ್ಷರ ಅದು.

ಹಾಗಾದರೆ ಗುಂಡಗೆ ಆದದ್ದು ಹೇಗೆ? ತಾಳೆಗರಿ ಕಾರಣ ಅನ್ನುತ್ತಾರೆ ಲಿಪಿ ಬಲ್ಲವರು. ಗರಿಯ ನಾರಿನ ಗುಂಟ ಕಂಟದಿಂದ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ. ಕೈ ತಾನಾಗಿ ಬಳುಕಿತು. ಆ ರೂಢಿ ಕಲ್ಲಿಗೂ ಬಂತು. ರಟ್ಟರ ನಾಲ್ಕನೇ ಕಾರ್ತವೀರ್ಯನ ಕಾಲದ, 1204ರ ಬೆಳಗಾವಿ ಶಾಸನಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅಷ್ಟೊತ್ತಿಗೆ ಕಲ್ಲಿನ ಮೇಲೂ ಅಕ್ಷರ ದುಂಡಾಗಿತ್ತು. ಮುಂದೆ 1843ರಲ್ಲಿ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಬಂದಾಗ ಕೈಬರಹದ ಆ ದುಂಡು ರೂಪವೇ ಪತ್ರಿಕೆಗೂ ಇಳಿಯಿತು.

ಅಂದರೆ ಮೂಲೆ ಇದ್ದರೆ ಕನ್ನಡತನ ಹೋಗುವುದಿಲ್ಲ. ಹೋಗುವುದು ಗುರುತು ಅಳಿಸಿದಾಗ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ನೇರ ಗೆರೆಯವು ಬಹಳ. ಅವನ್ನು ಚೌಕ ಮಾಡುವುದು ಸುಲಭ. ನಮ್ಮಲ್ಲಿ ಅರ್ಥ ಇರುವುದೇ ಸಣ್ಣ ತಿರುವಿನಲ್ಲಿ. ನಮ್ಮ ತಾಲೂಕಿನ 'ಇಟಗಿ' ತಗೊಳ್ಳಿ. ಕೊನೆಯ ಅಕ್ಷರದ ಗುಡಿಸು ಒಂದು ದುಂಡು ಸುತ್ತು. ಅದನ್ನು ಮೂಲೆ ಮಾಡಿ ಚಪ್ಪಟೆಗೊಳಿಸಿದರೆ ಊರು 'ಇಟಗ' ಆಗುತ್ತದೆ. 'ದ'ಕಾರದ ಕೆಳಗೆ ಒಂದು ಸೀಳು ಬಿದ್ದರೆ 'ಧ'. ದಪ್ಪ ಚೌಕ ಅಕ್ಷರದಲ್ಲಿ ಆ ಸೀಳು ಮುಚ್ಚಿಹೋದರೆ ದನ ಯಾವುದು, ಧನ ಯಾವುದು?

2024ರ ಕಾಯ್ದೆ ಪ್ರಕಾರ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು. ಜಾಗ ಸಿಕ್ಕಿತು. ಆದರೆ ಹಳ್ಳಿಯಿಂದ ಬಂದವರಿಗೆ ಬಸ್ಸಿನ ಕಿಟಕಿಯಿಂದ ಓದಲು ಬರದಿದ್ದರೆ ಆ ಜಾಗದಿಂದ ಏನು ಬಂತು? ಗಡಿ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು.

ಚೌಕ ಅಕ್ಷರ ಹೆಸರಿಗೆ, ಪೋಸ್ಟರಿನ ತಲೆಬರಹಕ್ಕೆ ಚಂದ. ದವಾಖಾನೆ, ಬಸ್ಸು, ಊರ ಫಲಕಕ್ಕೆ ಬೇಡ. ನೀವು ಅಂಗಡಿ ಬೋರ್ಡು ಬರೆಸುವುದಿದ್ದರೆ ರೊಕ್ಕ ಕೊಡುವ ಮೊದಲು ನಮೂನೆಯನ್ನು ಮನೆಯ ಹಿರಿಯರಿಗೆ ದೂರದಿಂದ ತೋರಿಸಿ. ಅವರು ತಡವರಿಸದೆ ಓದಿದರೆ ಆ ಅಕ್ಷರ ಪಾಸ್.