ಮೆದುಳಿನ ಕಿರುರಕ್ತನಾಳ ರೋಗ

ಮೆದುಳಿನ ಆಳಕ್ಕೆ ರಕ್ತ ಒಯ್ಯುವ ಸಣ್ಣ ಧಮನಿಗಳ ಗೋಡೆ ದಪ್ಪಗಟ್ಟಿ ಪೆಡಸಾಗುವ, ಮುಪ್ಪಿನಲ್ಲಿ ಹೆಚ್ಚಾಗಿ ಕಾಣುವ ಕಾಯಿಲೆ. ಏರಿದ ರಕ್ತದೊತ್ತಡ ಮುಖ್ಯ ಕಾರಣ. ಎಂಆರ್‌ಐ ಚಿತ್ರದಲ್ಲಿ ಬಿಳಿ ಮಚ್ಚೆ, ಪುಟ್ಟ ಕುಳಿ, ಸೂಕ್ಷ್ಮ ರಕ್ತಸ್ರಾವದ ಗುರುತು ಕಾಣುತ್ತವೆ. ಮೆದುಳಿನ ಮುಂಭಾಗವನ್ನು ಒಳಗಿನ ನರಕೇಂದ್ರಗಳಿಗೆ ಜೋಡಿಸುವ ತಂತುಗಳು ಹಾಳಾಗಿ ನಡಿಗೆ ಕೆಡುತ್ತದೆ: ಹೆಜ್ಜೆ ಗಿಡ್ಡವಾಗುತ್ತದೆ, ಕಾಲು ಅಗಲಿಸಿ ನಡೆಯುತ್ತಾರೆ, ತಿರುಗುವಾಗ ತಡವರಿಸುತ್ತಾರೆ. ಕೈಬೀಸು ಬಹುಮಟ್ಟಿಗೆ ಉಳಿದಿರುವುದು ಪಾರ್ಕಿನ್‌ಸನ್ ಕಾಯಿಲೆಯಿಂದ ಇದನ್ನು ಬೇರ್ಪಡಿಸುವ ಸುಳಿವು. ಮನೆಯವರು ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುವುದೇ ಹೆಚ್ಚು.

ಬಾಯಿಯ ಆರೋಗ್ಯದೊಂದಿಗಿನ ನಂಟು ಈಚಿನ ಶೋಧ. ಹಲ್ಲು ಹುಳುಕಾಗಿಸುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಬ್ಯಾಕ್ಟೀರಿಯಾದಲ್ಲಿ ಕೊಲಾಜೆನ್‌ಗೆ ಅಂಟಿಕೊಳ್ಳುವ ಬಗೆಯೊಂದಿದೆ. ಅದು ಜೊಲ್ಲಿನಲ್ಲಿದ್ದವರ ಮೆದುಳಿನಲ್ಲಿ ಸೂಕ್ಷ್ಮ ರಕ್ತಸ್ರಾವ ಹೆಚ್ಚೆಂದು ಜಪಾನಿನ ಸಂಶೋಧಕರು 2016ರಲ್ಲಿ ವರದಿ ಮಾಡಿದರು. ಈ ಬ್ಯಾಕ್ಟೀರಿಯಾವೇ ಕಾರಣವೆಂದು ಸಾಬೀತಾಗಿಲ್ಲ. ನಂಟಿಗೆ ಬೇರೆ ಕಾರಣವೂ ಇರಬಹುದು: ಧೂಮಪಾನ, ಮಧುಮೇಹಗಳು ವಸಡನ್ನೂ ರಕ್ತನಾಳವನ್ನೂ ಒಟ್ಟಿಗೇ ಕೆಡಿಸುತ್ತವೆ.