ದತ್ತಕರ ಜನ್ಮದಾಖಲೆ: ಹಕ್ಕು ಮತ್ತು ಬರಹ

ದತ್ತು ಹೋದ ಮಗು ಪ್ರಾಪ್ತವಯಸ್ಸಿಗೆ ಬಂದಮೇಲೆ ತನ್ನನ್ನು ಹೆತ್ತವರು ಯಾರೆಂದು ತಿಳಿಯಲು ದಾಖಲೆಯನ್ನು ಕೇಳಬಹುದೇ ಎಂಬುದನ್ನು ಕೇವಲ ನ್ಯಾಯಶಾಸ್ತ್ರದ ಪ್ರಶ್ನೆಯೆಂದು ಭಾವಿಸುವುದು ವಾಡಿಕೆ. ಅದು ಇತಿಹಾಸದ ಪ್ರಶ್ನೆಯೂ ಹೌದೆಂಬುದು ನಮ್ಮ ಅಭಿಪ್ರಾಯ. ಕೇಳುವ ಹಕ್ಕು ದೊರೆತರೆ ಸಾಲದು. ಕೇಳಿದ ಪುಟವನ್ನು ಯಾರಾದರೂ ಬರೆದಿರಬೇಕು, ಬರೆದುದನ್ನು ಕಾಪಾಡಿರಬೇಕು. ಬೆಂಗಳೂರಿನ ಪೂರ್ವಭಾಗದ ದೊಡ್ಡನೆಕ್ಕುಂದಿಯನ್ನು ನಿದರ್ಶನವಾಗಿಟ್ಟುಕೊಂಡು ಈ ಸಂಗತಿಯನ್ನು ಇಲ್ಲಿ ವಿವೇಚಿಸುತ್ತೇವೆ.

ನಮ್ಮ ಪ್ರಾಚೀನ ದತ್ತಕಪದ್ಧತಿಯಲ್ಲಿ ಗೋಪ್ಯತೆಗೆ ಎಡೆಯಿರಲಿಲ್ಲ. ಜನಕನು ಬಂಧುಗಳ ಸಮಕ್ಷಮದಲ್ಲಿ ಮಗುವನ್ನು ಕೈಯೆತ್ತಿ ಕೊಡುತ್ತಿದ್ದನು. ಕೊಟ್ಟವನಾರು, ಕೊಂಡವನಾರು ಎಂಬುದು ಊರಿಗೆಲ್ಲ ತಿಳಿದಿರುತ್ತಿತ್ತು. 1865ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ದತ್ತು ತೆಗೆದುಕೊಂಡ ಚಾಮರಾಜೇಂದ್ರರು ಬೆಟ್ಟದಕೋಟೆಯ ಚಿಕ್ಕ ಕೃಷ್ಣರಾಜ ಅರಸರ ಪುತ್ರರೆಂಬುದು ಚರಿತ್ರೆಯ ಪ್ರತಿಯೊಬ್ಬ ವಿದ್ಯಾರ್ಥಿಗೂ ವಿದಿತವಾಗಿದೆ. ಅರಮನೆಗೆ ಬಂದ ಮಗುವಿನ ಮೂಲ ಅಳಿಯಲಿಲ್ಲ. ಅನಾಥಾಲಯದ ಬಾಗಿಲಿಗೆ ಬಂದ ಮಗುವಿನ ಪಾಡು ಬೇರೆ.

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯ 12ನೆಯ ಪ್ರಕರಣದಂತೆ ದತ್ತಕನಿಗೆ ಜನ್ಮಕುಟುಂಬದೊಡನಿದ್ದ ಸಂಬಂಧಗಳು ಕಡಿದುಹೋಗುತ್ತವೆ. ಪರಿತ್ಯಕ್ತವಾದ, ಹೆತ್ತವರು ಯಾರೆಂದು ತಿಳಿಯದ ಮಗುವನ್ನು ನ್ಯಾಯಾಲಯದ ಅನುಮತಿಯಿಂದ ಪೋಷಕರು ದತ್ತು ಕೊಡಬಹುದೆಂದು 1962ರ ತಿದ್ದುಪಡಿಯು ವಿಧಿಸಿತು. ಆದರೆ ಅದೇ 12ನೆಯ ಪ್ರಕರಣವು ಜನ್ಮಕುಟುಂಬದಲ್ಲಿ ನಿಷಿದ್ಧವಾದ ವಿವಾಹಸಂಬಂಧವು ದತ್ತಕದ ಬಳಿಕವೂ ನಿಷಿದ್ಧವೇ ಎನ್ನುತ್ತದೆ. ತನ್ನ ಜನ್ಮಕುಟುಂಬ ಯಾವುದೆಂದೇ ಅರಿಯದವನು ಈ ನಿಷೇಧವನ್ನು ಪಾಲಿಸುವುದು ಹೇಗೆ? ಮೂಲವನ್ನು ತಿಳಿದಿರಬೇಕೆಂದು ಕಾಯಿದೆಯೇ ಒಳಗೊಳಗೆ ಒಪ್ಪಿಕೊಂಡಂತಾಯಿತು. ತಿಳಿಯುವ ದಾರಿಯನ್ನು ಮಾತ್ರ ಅದು ತೋರಲಿಲ್ಲ.

ಇನ್ನು ದಾಖಲೆ ಇರುವುದೆಲ್ಲಿ? 1881ರಿಂದ 1947ರವರೆಗೆ ಹಲಸೂರು ಮೊದಲಾದ ದಂಡಿನ ಭಾಗಗಳು ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿದ್ದುವು. ಕೆಲವೇ ಮೈಲಿ ಆಚೆಗಿನ ದೊಡ್ಡನೆಕ್ಕುಂದಿ ಮೈಸೂರು ಸಂಸ್ಥಾನದ ಹಳ್ಳಿಯಾಗಿದ್ದು, ಅಲ್ಲಿಯ ಲೆಕ್ಕಪತ್ರಗಳು ಪಟೇಲ ಶಾನುಭೋಗರ ವಶದಲ್ಲಿದ್ದುವು. ವಂಶಪಾರಂಪರ್ಯದ ಗ್ರಾಮಾಧಿಕಾರಗಳು 1961ರ ಕಾಯಿದೆಯಿಂದ ರದ್ದಾದುವು. 1969ರ ಜನನ ಮರಣ ನೋಂದಣಿ ಕಾಯಿದೆ ಜಾರಿಗೆ ಬಂದಮೇಲೆ ಹಳ್ಳಿಗಳಲ್ಲಿ ಗ್ರಾಮಲೆಕ್ಕಿಗರು ನೋಂದಣಿಯ ಹೊಣೆ ಹೊತ್ತರು. 2007ರಲ್ಲಿ ಈ ಸೀಮೆ ಬೃಹತ್ ಬೆಂಗಳೂರು ಮಹಾನಗರಪಾಲಿಕೆಗೂ, 2025ರಲ್ಲಿ ಬೆಂಗಳೂರು ಪೂರ್ವ ನಗರಪಾಲಿಕೆಗೂ ಸೇರಿತು. ಊರು ಕದಲದೆ ಇದ್ದರೂ ಕಚೇರಿಗಳು ಬದಲಾದುವು. ಜನನದ ರಿಜಿಸ್ಟರನ್ನು ನಾಶಮಾಡಕೂಡದೆಂಬ ನಿಯಮವಾದರೂ ಇದೆ. ಪರಿತ್ಯಕ್ತ ಶಿಶುವಿನ ವಿಷಯದಲ್ಲಿ ಅನೇಕವೇಳೆ ಮೊದಲ ಬರಹವಿರುವುದು ಆಸ್ಪತ್ರೆ, ಪೋಲೀಸು ಠಾಣೆ ಅಥವಾ ಶಿಶುಗೃಹದ ಪುಸ್ತಕದಲ್ಲಿ.

ಸ್ಕಾಟ್ಲೆಂಡಿನ 1930ರ ಕಾಯಿದೆಯು 17 ವರ್ಷ ತುಂಬಿದ ದತ್ತಕರಿಗೆ ಮೂಲ ಜನ್ಮದಾಖಲೆಯನ್ನು ನೋಡುವ ಅಧಿಕಾರವನ್ನಿತ್ತಿತು. ಇಂಗ್ಲೆಂಡು ಆ ಹೆಜ್ಜೆಯಿಟ್ಟದ್ದು 1975ರ ಕಾಯಿದೆಯಿಂದ. ನಮ್ಮಲ್ಲಿ 1984ರ ಲಕ್ಷ್ಮೀಕಾಂತ ಪಾಂಡೆ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು, ಪ್ರೌಢವಯಸ್ಸಿಗೆ ಬಂದ ಮಗು ಬಯಸಿದಲ್ಲಿ ಹೆತ್ತವರ ವಿಷಯ ತಿಳಿಸಲು ವಿಶೇಷ ಆಕ್ಷೇಪವಿರಲಾರದೆಂದು ಅಭಿಪ್ರಾಯಪಟ್ಟರು. ಆದರೆ ತಿಳಿಸುವುದನ್ನು ಸಾಕಿದವರ ವಿವೇಚನೆಗೆ ಬಿಟ್ಟರು. ಮಗುವಿನ ಮೂಲದ ಮಾಹಿತಿಯನ್ನು ಕಾಪಾಡಬೇಕೆನ್ನುವ 1993ರ ಹೇಗ್ ಒಪ್ಪಂದವನ್ನು ಭಾರತವು 2003ರಲ್ಲಿ ಸ್ಥಿರೀಕರಿಸಿತು. 2017ರ ಮತ್ತು 2022ರ ದತ್ತಕ ನಿಯಮಾವಳಿಗಳು ಮೂಲಶೋಧನೆಗೆ ಸ್ಪಷ್ಟ ಅವಕಾಶವಿತ್ತುವು. 18 ವರ್ಷ ದಾಟಿದವರು ತಾವೇ ಅರ್ಜಿ ಹಾಕಬಹುದು. ಕಿರಿಯರು ಸಾಕಿದವರೊಡನೆ ಕೂಡಿ ಹಾಕಬೇಕು. ಹೀಗೆ ಸಾಕಿದವರ ಔದಾರ್ಯವಾಗಿದ್ದುದು ದತ್ತಕನ ಅಧಿಕಾರವಾಯಿತು.

ಈ ಅಧಿಕಾರಕ್ಕೆ ಎಲ್ಲೆಯುಂಟು. ಅದು ಹೆತ್ತವರ ಖಾಸಗಿತನವನ್ನು ಭಂಗಪಡಿಸಲಾಗದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಲೋಕನಿಂದೆಗಂಜಿ ಕೂಸನ್ನು ಒಪ್ಪಿಸಿದ ತಾಯಿಗೂ ಈ ಹಕ್ಕಿನ ಆಶ್ರಯವುಂಟು. ಅವಳ ಮೌನವನ್ನು ನಾವು ಗೌರವಿಸಬೇಕು. ಆದರೆ ತಾಯಿಯ ಮೌನ ಒಂದು, ಕಚೇರಿಯ ಮರೆವು ಇನ್ನೊಂದು. ತಾಯಿ ಒಪ್ಪದಿದ್ದರೂ ಅಥವಾ ದೊರೆಯದಿದ್ದರೂ ದತ್ತಕದ ಕಾರಣ ಸಂದರ್ಭಗಳನ್ನು ತಿಳಿಸಬೇಕೆಂದು ನಿಯಮವೇ ಹೇಳುತ್ತದೆ. ಕಡತವೇ ಇಲ್ಲವಾದರೆ ತಿಳಿಸುವುದೇನನ್ನು?

ಆದುದರಿಂದ ಶಿಶುಗೃಹಗಳ ಹಳೆಯ ಪುಸ್ತಕಗಳನ್ನು ರದ್ದಿಯೆಂದೆಣಿಸದೆ, ಶಾಸನ ಕಡತಗಳಿಗೆ ತೋರುವ ಎಚ್ಚರದಿಂದಲೇ ಅವನ್ನು ರಕ್ಷಿಸಬೇಕು. ಅವನ್ನು ತೆರೆಯುವ ಅಧಿಕಾರ ಸಂಶೋಧಕರದಲ್ಲ, ದತ್ತಕರದು. ಉಳಿಸುವ ಹೊಣೆ ಮಾತ್ರ ಎಲ್ಲರದೂ. ರಾಜವಂಶದ ದತ್ತಕಕ್ಕೆ ಚರಿತ್ರೆ ಸಾಕ್ಷಿ ನುಡಿಯುತ್ತದೆ. ದೊಡ್ಡನೆಕ್ಕುಂದಿಯಂಥ ಊರಿನಲ್ಲಿ ಹುಟ್ಟಿ ಹೆಸರಿಲ್ಲದೆ ಕೈಬದಲಾದ ಮಗುವಿಗೆ ಆ ಒಂದು ಪುಟವೇ ಸಾಕ್ಷಿ.